ಕಾಲಿನ ಮೂಳೆ ದವಡೆಗೆ: ಫ್ರೀ ಫ್ಲ್ಯಾಪ್ ಶಸ್ತ್ರಚಿಕಿತ್ಸೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಯಿ ಕ್ಯಾನ್ಸರ್ ಮೂಳೆಗೆ ಇಳಿದಿದೆ, ದವಡೆಯ ಒಂದು ಭಾಗ ತೆಗೆಯಬೇಕು ಎಂದು ಕೇಳಿಯೇ ಮನೆಯವರು ಅರ್ಧ ಕುಸಿದಿರುತ್ತಾರೆ. ಅದರ ಬೆನ್ನಲ್ಲೇ ‘ಕಾಲಿನಿಂದ ಮೂಳೆ ತೆಗೆದು ಅಲ್ಲಿಗೆ ಕೂರಿಸುತ್ತೇವೆ’ ಎಂದರೆ ಯಾರಿಗಾದರೂ ತಲೆ ತಿರುಗುತ್ತದೆ. ಒಪಿಡಿಯ ಗಡಿಬಿಡಿಯಲ್ಲಿ ಕೇಳಲಾಗದೆ, ಆಮೇಲೆ ಕಾರಿಡಾರಿನಲ್ಲಿ ಸಿಸ್ಟರ್ ಹತ್ತಿರ ಕೇಳುವ ಪ್ರಶ್ನೆಗಳೇ ಇಲ್ಲಿ ಹೆಚ್ಚಾಗಿವೆ. ಉತ್ತರಗಳು ಸಾಮಾನ್ಯವಾಗಿ ನಡೆಯುವುದನ್ನು ಹೇಳುತ್ತವೆ. ನಿಮ್ಮ ರೋಗಿಯ ಬಾಯಿ, ಕಾಲು, ಸ್ಕ್ಯಾನ್ ನೋಡಿದ ಸರ್ಜನ್ ಬೇರೆ ಹೇಳಿದರೆ ಅವರ ಮಾತೇ ಸರಿ.

ಫ್ರೀ ಫ್ಲ್ಯಾಪ್ ಅಂದರೆ ಏನು? ಸುಟ್ಟ ಗಾಯಕ್ಕೆ ತೊಡೆಯ ಚರ್ಮ ಹಾಕುತ್ತಾರಲ್ಲ, ಅದೇನಾ?

ಅದಲ್ಲ. ಸುಟ್ಟ ಗಾಯಕ್ಕೆ ಹಾಕುವುದು ಚರ್ಮದ ತೆಳು ಪದರ. ಅದಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಮೊದಲ ಒಂದೆರಡು ದಿನ ಕೆಳಗಿನ ಗಾಯದಿಂದ ಒಸರುವ ದ್ರವ ಹೀರಿಕೊಂಡು ಉಳಿದು, ಆಮೇಲೆ ಕೆಳಗಿನಿಂದ ಬೆಳೆದು ಬರುವ ಸಣ್ಣ ನಾಳಗಳಿಂದ ರಕ್ತ ಪಡೆಯುತ್ತದೆ. ಹಾಗಾಗಿ ಕೆಳಗೆ ಆರೋಗ್ಯವಾದ ಮಾಂಸ ಇರಲೇಬೇಕು. ಬರಿಯ ಮೂಳೆ ಅಥವಾ ಲೋಹದ ಪ್ಲೇಟಿನ ಮೇಲೆ ಅದು ಹಿಡಿಯುವುದಿಲ್ಲ.

ಫ್ಲ್ಯಾಪ್‌ನಲ್ಲಿ ಚರ್ಮ, ಕೊಬ್ಬು, ಸ್ನಾಯು ಅಥವಾ ಮೂಳೆಯನ್ನು ಅದಕ್ಕೆ ರಕ್ತ ತರುವ ಅಪಧಮನಿ ಮತ್ತು ರಕ್ತ ವಾಪಸ್ ಒಯ್ಯುವ ಅಭಿಧಮನಿಯ ಸಮೇತ ಎತ್ತುತ್ತೇವೆ. ಸಸಿಯನ್ನು ಬುಡದ ಮಣ್ಣಿನ ಸಮೇತ ಕಿತ್ತು ಬೇರೆ ಪಾತಿಗೆ ನೆಡುವ ಹಾಗೆ. ಎತ್ತಿದ ನಂತರ ಆ ನಾಳಗಳನ್ನು ಕತ್ತರಿಸಿ, ತುಂಡನ್ನು ದವಡೆಯ ಜಾಗಕ್ಕೆ ತಂದು, ಕತ್ತಿನ ನಾಳಗಳಿಗೆ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುತ್ತೇವೆ. ಮೂಲ ಜಾಗದ ನಂಟು ಪೂರ್ತಿ ಬಿಡಿಸಿಕೊಂಡು ಬರುವುದರಿಂದಲೇ ಇದಕ್ಕೆ ಫ್ರೀ ಎಂಬ ಹೆಸರು. ಈ ಪುಟದಲ್ಲಿ ಮುಂದೆ ಬರುವುದೆಲ್ಲ ಒಂದು ಸಂಗತಿಯ ಸುತ್ತ ಸುತ್ತುತ್ತದೆ: ಎರಡು ಮಿಲಿಮೀಟರ್ ಆಸುಪಾಸಿನ ಆ ಒಂದೆರಡು ನಾಳಗಳಲ್ಲಿ ರಕ್ತ ಹರಿಯುತ್ತಲೇ ಇರಬೇಕು.

ಮೈಯಲ್ಲಿ ಅಷ್ಟು ಮೂಳೆಗಳಿರುವಾಗ ಕಾಲಿನದೇ ಏಕೆ?

ಮೊಣಕಾಲ ಕೆಳಗೆ ಎರಡು ಮೂಳೆಗಳಿವೆ. ಮುಂದಿರುವ ದಪ್ಪದ್ದು ಟಿಬಿಯಾ. ಮೈಭಾರದ ಬಹುಪಾಲು ಅದರ ಮೇಲೆ. ಹೊರಬದಿಯಲ್ಲಿ ಕಡ್ಡಿಯಂತೆ ಇಳಿಯುವ ಫಿಬುಲಾ ಭಾರ ಹೊರುವುದು ಬಹಳ ಕಡಿಮೆ. ಅದರ ಮೇಲ್ತುದಿ ಮಂಡಿಯ ಹತ್ತಿರ, ಕೆಳತುದಿ ಹರಡಿನ ಹತ್ತಿರ ಮುಖ್ಯ. ಅಲ್ಲಿ ಸುಮಾರು ಆರಾರು ಸೆಂಟಿಮೀಟರ್ ಬಿಟ್ಟು ನಡುವಿನದನ್ನು ತೆಗೆಯಬಹುದು. ದೊಡ್ಡವರಲ್ಲಿ 25 ಸೆಂಟಿಮೀಟರ್‌ವರೆಗೂ ಸಿಗುತ್ತದೆ. ಒಂದು ಕಿವಿಯ ಬುಡದಿಂದ ಇನ್ನೊಂದು ಕಿವಿಯ ಬುಡದವರೆಗಿನ ದವಡೆಯನ್ನೂ ಇಷ್ಟರಲ್ಲಿ ಕಟ್ಟಬಹುದು.

ಇನ್ನೂ ಎರಡು ಅನುಕೂಲಗಳಿವೆ. ಈ ಮೂಳೆಯ ಉದ್ದಕ್ಕೂ ಪೆರೋನಿಯಲ್ ಎಂಬ ಅಪಧಮನಿ ಅಂಟಿಕೊಂಡೇ ಸಾಗುತ್ತದೆ, ಮೂಳೆಯ ಹೊದಿಕೆಗೆ ಸಾಲಾಗಿ ರಕ್ತ ಕೊಡುತ್ತದೆ. ಆದ್ದರಿಂದ ನೇರ ಮೂಳೆಯನ್ನು ಎರಡು ಮೂರು ಕಡೆ ಕತ್ತರಿಸಿ ಗದ್ದದ ಬಾಗು ತಂದರೂ ಪ್ರತಿ ತುಂಡೂ ಜೀವಂತವಾಗಿರುತ್ತದೆ. ಜೊತೆಗೆ ಮೀನಖಂಡದ ಹೊರಬದಿಯ ಚರ್ಮದ ಒಂದು ಪಟ್ಟಿಯನ್ನೂ ಅದೇ ನಾಳದ ಮೇಲೆ ತರಬಹುದು. ಅದು ಬಾಯೊಳಗಿನ ಪದರವಾಗುತ್ತದೆ.

ತೆಗೆದ ಮೂಳೆ ಕಾಲಿನಲ್ಲಿ ಮತ್ತೆ ಬೆಳೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಾಯಿ ಕ್ಯಾನ್ಸರ್ ಇರುವ ಎಲ್ಲರಿಗೂ ಹೀಗೆ ಮಾಡುತ್ತಾರಾ?

ಇಲ್ಲ. ಗಡ್ಡೆ ನಾಲಿಗೆಯಲ್ಲೋ ಕೆನ್ನೆಯ ಒಳಪದರದಲ್ಲೋ ಇದ್ದು ಮೂಳೆ ಉಳಿದರೆ ಮೂಳೆ ತರುವ ಮಾತೇ ಬರುವುದಿಲ್ಲ. ಆಗ ಮುಂಗೈಯ ತೆಳು ಚರ್ಮ ಅಥವಾ ತೊಡೆಯ ಹೊರಬದಿಯ ದಪ್ಪ ಚರ್ಮ ಸಾಕು. ದವಡೆಯ ಮೇಲಂಚನ್ನು ಮಾತ್ರ ಕೆತ್ತಿ ತೆಗೆದು ಕೆಳಗಿನ ಮೂಳೆ ಉಳಿಸಿಕೊಂಡರೂ ಹಾಗೆಯೇ.

ಮೂಳೆಯ ಪೂರ್ತಿ ದಪ್ಪ ಹೋಗುವಾಗ ಎಲ್ಲಿಂದ ಹೋಗುತ್ತದೆ ಎಂಬುದು ಮುಖ್ಯ. ಗದ್ದದ ಮುಂಭಾಗ ಹೋದರೆ ಮೂಳೆ ತರಲೇಬೇಕು. ತರದಿದ್ದರೆ ಕೆಳತುಟಿ ಕುಸಿದು ಜೊಲ್ಲು ನಿಲ್ಲುವುದಿಲ್ಲ, ನಾಲಿಗೆಗೆ ಮುಂದಿನ ಆಧಾರ ತಪ್ಪಿ ಹಿಂದಕ್ಕೆ ಬೀಳುತ್ತದೆ. ಹಿಂಬದಿಯ ಮೂಲೆ ಮಾತ್ರ ಹೋದರೆ, ಹಲ್ಲುಗಳಿಲ್ಲದ ವಯಸ್ಸಾದವರಲ್ಲಿ, ಮಾಂಸ ಮತ್ತು ಚರ್ಮ ತುಂಬಿಸಿ ಬಿಡುವುದೂ ಉಂಟು. ಗದ್ದ ಆ ಬದಿಗೆ ಸ್ವಲ್ಪ ವಾಲುತ್ತದೆ, ಆದರೆ ಊಟ-ಮಾತು ನಡೆಯುತ್ತದೆ. ‘ಪಕ್ಕದ ಬೆಡ್‌ನವರಿಗೆ ಮೂಳೆ ಹಾಕಿದರು, ನಮಗೇಕೆ ಇಲ್ಲ’ ಎಂಬ ಅನುಮಾನಕ್ಕೆ ಉತ್ತರ ಬಹುಮಟ್ಟಿಗೆ ಇದೇ.

ಬರೀ ಪ್ಲೇಟ್ ಹಾಕಿದರೆ ಸಾಲದೇ? ಕಾಲಿಗೆ ಕೈ ಹಾಕುವುದು ತಪ್ಪುತ್ತದಲ್ಲ.

ಟೈಟೇನಿಯಂ ಪ್ಲೇಟ್ ಎರಡು ತುದಿಗಳನ್ನು ಹಿಡಿದಿಡುತ್ತದೆ, ನಿಜ. ಆದರೆ ನಡುವೆ ಮೂಳೆ ಇಲ್ಲದೆ ಅಗಿಯುವ ಬಲವೆಲ್ಲ ಅದರ ಮೇಲೆ ಬಿದ್ದರೆ ಕಾಲಾಂತರದಲ್ಲಿ ಸ್ಕ್ರೂ ಸಡಿಲಾಗಬಹುದು, ಪ್ಲೇಟೇ ಮುರಿಯಬಹುದು. ರೇಡಿಯೇಷನ್ ಆದ ಮೇಲೆ ತೆಳುವಾದ ಚರ್ಮ ಹರಿದು ಪ್ಲೇಟ್ ಹೊರಗೆ ಕಾಣುವುದು ಇನ್ನೊಂದು ತೊಂದರೆ. ದೊಡ್ಡ ಶಸ್ತ್ರಚಿಕಿತ್ಸೆ ತಡೆಯಲಾರದವರಲ್ಲಿ ಪ್ಲೇಟ್ ಮತ್ತು ಎದೆಯ ಮಾಂಸ ಬಳಸುತ್ತೇವೆ. ಬೇರೆ ದಾರಿ ಇರುವವರಲ್ಲಿ ಅದು ಮೊದಲ ಆಯ್ಕೆ ಅಲ್ಲ.

ನನ್ನ ಕಾಲಿನ ಮೂಳೆ ತೆಗೆದು ಅಪ್ಪನಿಗೆ ಹಾಕಿ, ಅವರಿಗೆ ವಯಸ್ಸಾಗಿದೆ.

ಹೀಗೆ ಕೇಳುವ ಮಕ್ಕಳಿದ್ದಾರೆ. ಆಗುವುದಿಲ್ಲ. ಇನ್ನೊಬ್ಬರ ಜೀವಂತ ಅಂಗಾಂಶವನ್ನು ದೇಹ ಹೊರಗಿನದೆಂದು ತಿಳಿದು ಹೊಡೆದು ಹಾಕುತ್ತದೆ. ಅದನ್ನು ತಡೆಯಲು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ಬದುಕಿರುವಷ್ಟು ದಿನ ನುಂಗಬೇಕು. ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ 2015ರಲ್ಲಿ ಮೃತ ದಾನಿಯ ಎರಡೂ ಕೈಗಳನ್ನು ಕಸಿ ಮಾಡಿದಾಗಲೂ ಈ ಮಾತ್ರೆಗಳು ಬೇಕಾದವು. ಕ್ಯಾನ್ಸರ್ ರೋಗಿಗೆ ಅಂಥ ಮಾತ್ರೆ ಕೊಟ್ಟರೆ ಕ್ಯಾನ್ಸರ್‌ಗೇ ಬಾಗಿಲು ತೆರೆದಂತೆ. ತನ್ನದೇ ಮೂಳೆಗೆ ಆ ತಂಟೆ ಇಲ್ಲ.

ಇದು ಹೊಸ ಪ್ರಯೋಗವೇ? ನಮ್ಮವರ ಮೇಲೆ ಪ್ರಯೋಗ ಮಾಡುತ್ತಿದ್ದೀರಾ?

ಕೆಳದವಡೆಗೆ ಫಿಬುಲಾ ಬಳಸಿದ್ದನ್ನು ನ್ಯೂಯಾರ್ಕಿನ ಡೇವಿಡ್ ಹಿಡಾಲ್ಗೊ 1989ರಲ್ಲಿ ಪ್ರಕಟಿಸಿದರು. ಮೂರು ದಶಕ ದಾಟಿದೆ. ಈಗ ದೊಡ್ಡ ದವಡೆ ದೋಷಗಳಿಗೆ ಮೊದಲು ನೆನಪಾಗುವುದೇ ಇದು.

ಹಿಂದಿನ ಕಥೆ ಮಾತ್ರ ಬಹಳ ಉದ್ದ, ಮತ್ತು ಅದರ ಒಂದು ಕೊಂಡಿ ನಮ್ಮ ಶ್ರೀರಂಗಪಟ್ಟಣದಲ್ಲಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಬಂಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠಿಗ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಆಮೇಲೆ ಪುಣೆಯ ಹತ್ತಿರ ದೇಸಿ ವೈದ್ಯನೊಬ್ಬ ಅವನ ಹಣೆಯ ಚರ್ಮ ಇಳಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಅದು ಚಿತ್ರಸಹಿತ ಬಂತು. ಅದನ್ನು ಓದಿದ ಇಂಗ್ಲಿಷ್ ಸರ್ಜನ್ ಜೋಸೆಫ್ ಕಾರ್ಪ್ಯೂ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಲಂಡನ್ನಿನಲ್ಲೇ ಅದನ್ನು ಮಾಡಿ ತೋರಿಸಿದರು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ಕ್ರಮ ಇನ್ನೂ ಹಿಂದಿನದು.

ಆದರೆ ಅದು ಫ್ರೀ ಫ್ಲ್ಯಾಪ್ ಅಲ್ಲ. ಹಣೆಯ ಚರ್ಮ ಹುಬ್ಬಿನ ಹತ್ತಿರದ ತೊಟ್ಟಿಗೆ ಅಂಟಿಕೊಂಡೇ ಕೆಳಗೆ ತಿರುಗುತ್ತದೆ. ರಕ್ತ ಅದೇ ತೊಟ್ಟಿನಿಂದ ಬರುತ್ತದೆ. ಆ ತೊಟ್ಟು ಕತ್ತರಿಸಿ ದೂರ ಒಯ್ಯಬೇಕಾದರೆ ನಾಳ ಹೊಲಿಯಲು ಬರಬೇಕು. ಫ್ರಾನ್ಸಿನ ಅಲೆಕ್ಸಿ ಕಾರೆಲ್ ಲಿಯಾನ್ ನಗರದ ಕಸೂತಿ ಹೆಂಗಸಿನ ಹತ್ತಿರ ಸೂಜಿ ಕೆಲಸ ಕಲಿತು, ರಕ್ತನಾಳಗಳನ್ನು ಸೋರದಂತೆ ಹೊಲಿಯುವ ವಿಧಾನ ಕಂಡುಕೊಂಡರು. 1912ರ ನೊಬೆಲ್ ಅವರಿಗೆ ಸಂದಿತು. ಸಣ್ಣ ನಾಳಗಳಿಗೆ ಸೂಕ್ಷ್ಮದರ್ಶಕ ಬಂದದ್ದು 1960ರಲ್ಲಿ, ಅಮೆರಿಕದ ಜೇಕಬ್‌ಸನ್ ಮತ್ತು ಸುವಾರೆಜ್ ಅವರಿಂದ. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾದ ಹೆಬ್ಬೆರಳನ್ನು ಮರುಜೋಡಿಸಿದರು. 1973ರಲ್ಲಿ ಮೆಲ್ಬರ್ನ್‌ನ ಡೇನಿಯಲ್ ಮತ್ತು ಟೇಲರ್ ತೊಡೆಸಂದಿಯ ಚರ್ಮವನ್ನು ಕಾಲಿಗೆ ಸಾಗಿಸಿದ್ದನ್ನು ವರದಿ ಮಾಡಿದರು. ಅದೇ ಇಯಾನ್ ಟೇಲರ್ 1975ರಲ್ಲಿ ಫಿಬುಲಾವನ್ನು ಜೀವಂತವಾಗಿ ಇನ್ನೊಂದು ಕಾಲಿಗೆ ಹಾಕಿದ್ದನ್ನು ಪ್ರಕಟಿಸಿದರು. ದವಡೆಗೆ ಬರಲು ಮತ್ತೆ 14 ವರ್ಷ ಹಿಡಿಯಿತು.

ಮುಂಚೆ ಯಾವ್ಯಾವ ಪರೀಕ್ಷೆ ಇರುತ್ತವೆ?

ಬಯಾಪ್ಸಿ, ಮುಖ-ಕತ್ತಿನ ಸ್ಕ್ಯಾನ್, ಎದೆಯ ಪರೀಕ್ಷೆ, ಹೃದಯದ ಎಕೋ, ರಕ್ತ ಪರೀಕ್ಷೆ ಮಾಮೂಲು. ಇದಕ್ಕಾಗಿಯೇ ಇರುವುದು ಕಾಲಿನ ನಾಳಗಳ ಪರೀಕ್ಷೆ: ಶಬ್ದತರಂಗದಿಂದ ರಕ್ತದ ಹರಿವು ನೋಡುವ ಡಾಪ್ಲರ್ ಅಥವಾ ನಾಳಗಳ ಸ್ಕ್ಯಾನ್ ಆದ ಸಿಟಿ ಆಂಜಿಯೋ. ಪಾದಕ್ಕೆ ಸಾಮಾನ್ಯವಾಗಿ ಮೂರು ನಾಳಗಳು ರಕ್ತ ಒಯ್ಯುತ್ತವೆ. ಒಂದನ್ನು ತೆಗೆದರೂ ಉಳಿದೆರಡು ಸಾಕು. ಕೆಲವೇ ಜನರಲ್ಲಿ ಹುಟ್ಟಿನಿಂದಲೇ ಪಾದದ ರಕ್ತವೆಲ್ಲ ಪೆರೋನಿಯಲ್ ನಾಳದಿಂದಲೇ ಬರುತ್ತದೆ. ಅಂಥ ಕಾಲಿನಿಂದ ಮೂಳೆ ತೆಗೆದರೆ ಪಾದಕ್ಕೇ ಕುತ್ತು. ಬಹುಕಾಲದ ಬೀಡಿ, ಸಕ್ಕರೆ ಕಾಯಿಲೆಯಿಂದ ನಾಳ ಕಟ್ಟಿಕೊಂಡವರಲ್ಲೂ ಇದು ಮುಖ್ಯ. ಮುಂಗೈಯಿಂದ ತೆಗೆಯುವುದಾದರೆ ಮಣಿಕಟ್ಟಿನ ಎರಡೂ ನಾಡಿ ಒತ್ತಿ, ಒಂದನ್ನು ಬಿಟ್ಟು ಅಂಗೈ ಕೆಂಪಾಗುತ್ತದೆಯೇ ಎಂದು ನೋಡುತ್ತಾರೆ.

ಕೆಲವು ಕಡೆ ಸಿಟಿ ಚಿತ್ರಗಳಿಂದ ಕಂಪ್ಯೂಟರಿನಲ್ಲಿ ಮೊದಲೇ ದವಡೆ ಕಟ್ಟಿ, ಮೂಳೆ ಎಲ್ಲಿ ಯಾವ ಕೋನದಲ್ಲಿ ಕತ್ತರಿಸಬೇಕು ಎಂಬ ಅಚ್ಚನ್ನು 3ಡಿ ಪ್ರಿಂಟ್ ಮಾಡಿಕೊಳ್ಳುತ್ತಾರೆ. ಸಮಯ ಉಳಿಯುತ್ತದೆ, ಹಲ್ಲಿನ ಹೊಂದಿಕೆ ಚೆನ್ನಾಗುತ್ತದೆ. ಅದಿಲ್ಲದೆಯೂ ಒಳ್ಳೆಯ ದವಡೆ ಕಟ್ಟಬಹುದು. ಎಷ್ಟೋ ವರ್ಷ ಹಾಗೆಯೇ ಕಟ್ಟಿದ್ದೇವೆ.

ಬೆಳಿಗ್ಗೆ ಒಳಗೆ ಹೋದವರು ರಾತ್ರಿಯಾದರೂ ಬರಲಿಲ್ಲ. ಅಷ್ಟು ಹೊತ್ತು ಏನು ಮಾಡುತ್ತಾರೆ?

ಎಂಟರಿಂದ ಹನ್ನೆರಡು ಗಂಟೆ ಮಾಮೂಲು. ಹೆಚ್ಚು ಹೊತ್ತಾಯಿತು ಎಂದರೆ ಕೆಟ್ಟದ್ದಾಯಿತು ಎಂದಲ್ಲ.

ಬಾಯಿ ತೆರೆಯಲಾಗದವರಿಗೆ ಮೂಗಿನ ಮೂಲಕ ಕ್ಯಾಮೆರಾ ನೋಡಿಕೊಂಡು ಉಸಿರಿನ ಕೊಳವೆ ಇಳಿಸುವುದರಲ್ಲೇ ಸಮಯ ಹೋಗುತ್ತದೆ. ಆಮೇಲೆ ಎರಡು ತಂಡಗಳು ಒಟ್ಟಿಗೆ ಕೆಲಸ ಮಾಡುತ್ತವೆ. ಕ್ಯಾನ್ಸರ್ ತಂಡ ಗಡ್ಡೆ ಮತ್ತು ಕತ್ತಿನ ಗಂಟುಗಳನ್ನು ತೆಗೆಯುತ್ತಿರುವಾಗ ನಮ್ಮವರು ಕಾಲಿನ ಮೂಳೆ ಬಿಡಿಸುತ್ತಿರುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂದು ತಕ್ಷಣದ ಪರೀಕ್ಷೆಗೆ ತುಣುಕು ಕಳಿಸಿ ಕಾಯುವುದೂ ಉಂಟು. ಗಡ್ಡೆ ಪೂರ್ತಿ ಹೊರಗೆ ಬಂದ ಮೇಲೆಯೇ ಎಷ್ಟು ಉದ್ದ ಬೇಕು ಎಂಬುದು ಖಚಿತ.

ಮೂಳೆಯನ್ನು ಸಾಧ್ಯವಾದಷ್ಟೂ ಕಾಲಿನ ನಾಳಕ್ಕೆ ಅಂಟಿರುವಾಗಲೇ ಕತ್ತರಿಸಿ, ಬಾಗಿಸಿ, ಪ್ಲೇಟಿಗೆ ಕೂರಿಸುತ್ತೇವೆ. ರಕ್ತವಿಲ್ಲದೆ ಅಂಗಾಂಶ ಕೆಲವು ಗಂಟೆ ಮಾತ್ರ ತಡೆಯುತ್ತದೆ, ಅದರಲ್ಲೂ ಸ್ನಾಯು ಬೇಗ ಸೋಲುತ್ತದೆ. ನಾಳ ಕತ್ತರಿಸಿದ ಕ್ಷಣದಿಂದ ಎಲ್ಲರ ಕಣ್ಣು ಗೋಡೆ ಗಡಿಯಾರದ ಮೇಲೆ. ಕತ್ತಿನಲ್ಲಿ ಮುಖಕ್ಕೆ ಹೋಗುವ ಅಪಧಮನಿಗೆ ಒಂದು ಜೋಡಣೆ, ಕೊರಳಿನ ದೊಡ್ಡ ಅಭಿಧಮನಿಗೋ ಅದರ ಕವಲಿಗೋ ಇನ್ನೊಂದು. ಬಳಸುವ ನೈಲಾನ್ ದಾರ ತಲೆಗೂದಲಿನ ಅರ್ಧದಷ್ಟು ದಪ್ಪ. ಒಂದು ನಾಳದ ಸುತ್ತ ಎಂಟು-ಹತ್ತು ಹೊಲಿಗೆ. ಒಂದೇ ಒಂದು ಹೊಲಿಗೆ ಎದುರು ಗೋಡೆಯನ್ನು ಕಚ್ಚಿಕೊಂಡರೂ ರಕ್ತ ಹೆಪ್ಪುಗಟ್ಟುತ್ತದೆ. ನಾಳವನ್ನು ಬಿಗಿಹಿಡಿದಿದ್ದ ಕ್ಲಾಂಪ್ ತೆಗೆದಾಗ ಬಿಳಿಚಿದ್ದ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಅಂಚಿನಿಂದ ಕೆಂಪು ರಕ್ತ ಒಸರಿದರೆ ಥಿಯೇಟರಿನಲ್ಲಿ ಮತ್ತೆ ಮಾತು ಕೇಳಿಸುತ್ತದೆ.

ಅಪ್ಪನಿಗೆ 70 ದಾಟಿದೆ, ಸಕ್ಕರೆ ಕಾಯಿಲೆಯೂ ಇದೆ. ತಡೆಯುತ್ತಾರಾ?

ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಹೇಗಿವೆ, ಎರಡು ಮಹಡಿ ಹತ್ತುತ್ತಾರಾ, ಮೈಯಲ್ಲಿ ಶಕ್ತಿ ಇದೆಯಾ ಎಂಬುದನ್ನು ನೋಡುತ್ತೇವೆ. ಹತೋಟಿಯಲ್ಲಿರುವ ಸಕ್ಕರೆಗೆ ಹೆದರಬೇಕಿಲ್ಲ. ಬಾಯಿ ನೋವಿನಿಂದ ತಿಂಗಳುಗಟ್ಟಲೆ ಊಟ ಬಿಟ್ಟು ಸೊರಗಿದವರ ಗಾಯ ಕೂಡುವುದೇ ಹೆಚ್ಚು ಕಷ್ಟ. ಮೊದಲು ಮೂಗಿನ ಕೊಳವೆ ಹಾಕಿ ಒಂದಿಷ್ಟು ದಿನ ಪೌಷ್ಟಿಕ ಆಹಾರ ಕೊಟ್ಟು ಆಮೇಲೆ ಕರೆದೊಯ್ಯುವುದೂ ಇದೆ.

ಬೀಡಿ ಬಿಡಲೇಬೇಕಾ?

ಬಿಡಲೇಬೇಕು. ನಿಕೋಟಿನ್ ಸಣ್ಣ ನಾಳಗಳನ್ನು ಕುಗ್ಗಿಸುತ್ತದೆ. ಹೊಗೆಸೊಪ್ಪು, ಜರ್ದಾ, ಕಡ್ಡಿಪುಡಿಯಲ್ಲೂ ಇರುವುದು ಅದೇ ನಿಕೋಟಿನ್. ನೋಡಲು ಬಂದ ನೆಂಟರು ಹೊರಗೆ ಸೇದಿ ಬಂದು ಬೆಡ್ ಪಕ್ಕ ಕೂರುವುದೂ ಬೇಡ.

ಐಸಿಯುನಲ್ಲಿ ಗಂಟೆಗೊಮ್ಮೆ ಬಾಯಿಗೆ ಟಾರ್ಚ್ ಬಿಟ್ಟು, ಸೂಜಿಯಲ್ಲಿ ಚುಚ್ಚಿ ನೋಡುತ್ತಾರೆ. ನಿದ್ದೆ ಮಾಡಲು ಬಿಡಬಾರದೇ?

ಬಿಡುವ ಹಾಗಿಲ್ಲ. ಹೊಲಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲ ಎರಡು-ಮೂರು ದಿನ ಅತಿ ಹೆಚ್ಚು. ಹೆಪ್ಪುಗಟ್ಟಿದರೆ ರೋಗಿಗೆ ಗೊತ್ತಾಗುವುದಿಲ್ಲ, ಏಕೆಂದರೆ ಹೊಸ ಚರ್ಮಕ್ಕೆ ಸ್ಪರ್ಶವಿಲ್ಲ, ನೋವೂ ಇಲ್ಲ. ನೋಡಿಯೇ ಕಂಡುಹಿಡಿಯಬೇಕು. ಚುಚ್ಚಿದ್ದು ನೋಯುವುದಿಲ್ಲ ಎಂಬುದು ಅದರಿಂದ ಸಿಗುವ ಸಮಾಧಾನ.

ಸಿಸ್ಟರ್ ನೋಡುವುದು ಬಣ್ಣ, ಬಿಸಿ, ಒತ್ತಿ ಬಿಟ್ಟಾಗ ಬಣ್ಣ ಮರಳುವ ವೇಗ, ಚುಚ್ಚಿದಾಗ ಬರುವ ರಕ್ತ. ಬಿಳಿಚಿಕೊಂಡು ತಣ್ಣಗಾಗಿ, ಚುಚ್ಚಿದರೂ ರಕ್ತ ಬಾರದಿದ್ದರೆ ಒಳಗೆ ಬರುವ ದಾರಿ ಮುಚ್ಚಿದೆ. ನೀಲಿಗಟ್ಟಿ, ಉಬ್ಬಿ, ಒತ್ತಿದ ಕೂಡಲೇ ಬಣ್ಣ ಮರಳಿ, ಕಪ್ಪು ರಕ್ತ ಜೋರಾಗಿ ಬಂದರೆ ಹೊರಗೆ ಹೋಗುವ ದಾರಿ ಮುಚ್ಚಿದೆ. ಎರಡನೆಯದೇ ಹೆಚ್ಚು ಕಾಣುವುದು, ಏಕೆಂದರೆ ಅಭಿಧಮನಿಯ ಗೋಡೆ ತೆಳು, ಸುಲಭವಾಗಿ ತಿರುಚಿಕೊಳ್ಳುತ್ತದೆ, ಒತ್ತಡಕ್ಕೆ ಮಣಿಯುತ್ತದೆ. ಡಾಪ್ಲರ್ ಪೆನ್ ಇಟ್ಟು ನಾಡಿಯ ಸದ್ದು ಕೇಳುವುದು ಇದರ ಜೊತೆಗಿನ ಉಪಾಯ. ಏನೇ ಯಂತ್ರ ಬಂದರೂ ರಾತ್ರಿ ಮೂರು ಗಂಟೆಗೆ ಎದ್ದು ಬಂದು ನೋಡುವ ಅನುಭವಿ ಸಿಸ್ಟರ್‌ಗೆ ಬದಲಿ ಇಲ್ಲ ಎಂಬುದು ನನ್ನ ಅಭಿಪ್ರಾಯ. ಫ್ಲ್ಯಾಪ್ ಉಳಿಸಿದ ಹೆಸರು ಸರ್ಜನ್‌ಗೆ ಹೋಗುತ್ತದೆ, ಅದು ಬೇರೆ ಮಾತು.

ಮನೆಯವರು ಗಮನಿಸಬೇಕಾದ್ದು: ಕತ್ತು ಹೇಳಿದ ಬದಿಗೇ ಇರಲಿ, ಜೋಡಣೆ ಇರುವ ಬದಿಗೆ ಮಗ್ಗುಲಾಗುವುದು ಬೇಡ. ಕತ್ತಿನ ಸುತ್ತ ಏನನ್ನೂ ಕಟ್ಟಬೇಡಿ. ತಾಯಿತವಾದರೂ ಸರಿ, ದಾರವಾದರೂ ಸರಿ, ಕೈಗೆ ಕಟ್ಟಿ. ಉಸಿರಿನ ಕೊಳವೆಯ ಪಟ್ಟಿಯನ್ನೂ ಬಿಗಿಯಾಗಿ ಕಟ್ಟದೆ ಚರ್ಮಕ್ಕೆ ಹೊಲಿದಿರುತ್ತೇವೆ.

ಎರಡನೇ ರಾತ್ರಿ ಮತ್ತೆ ಥಿಯೇಟರ್‌ಗೆ ಕರೆದೊಯ್ಯಬೇಕು, ಸಹಿ ಹಾಕಿ ಅಂತಾರೆ. ತಪ್ಪು ಮಾಡಿದ್ದಾರಾ?

ಎಷ್ಟೇ ಚೆನ್ನಾಗಿ ಹೊಲಿದರೂ ಕೆಲವರಲ್ಲಿ ಹೀಗಾಗುತ್ತದೆ. ಕತ್ತಿನಲ್ಲಿ ರಕ್ತ ಕಟ್ಟಿಕೊಂಡು ನಾಳವನ್ನು ಒತ್ತಿರಬಹುದು, ನಾಳ ಮಡಚಿರಬಹುದು. ಬೇಗ ತೆರೆದು ಹೆಪ್ಪು ತೆಗೆದು ಮತ್ತೆ ಜೋಡಿಸಿದರೆ ಅರ್ಧಕ್ಕಿಂತ ಹೆಚ್ಚು ಫ್ಲ್ಯಾಪ್‌ಗಳು ಉಳಿಯುತ್ತವೆ. ತಡವಾದರೆ ಸಣ್ಣ ನಾಳಗಳೆಲ್ಲ ಕಟ್ಟಿಕೊಂಡು ಏನೂ ಮಾಡಲಾಗದು. ಊರಿಂದ ದೊಡ್ಡಪ್ಪ ಬರಲಿ, ಬೆಳಿಗ್ಗೆ ನೋಡೋಣ ಎನ್ನುವ ಹೊತ್ತಲ್ಲ ಅದು. ಮೊದಲ ಸಹಿ ಹಾಕುವಾಗಲೇ ಈ ಎರಡನೇ ಸಹಿಯ ಮಾತನ್ನು ಮನೆಯಲ್ಲಿ ಆಡಿಕೊಂಡಿರಿ.

ಜಿಗಣೆ ಬಿಡುತ್ತಾರಂತೆ, ನಿಜವಾ?

ನಿಜ. ಜೋಡಣೆ ಮತ್ತೆ ಮಾಡಲಾಗದಂತೆ ಅಭಿಧಮನಿಯಲ್ಲಿ ರಕ್ತ ನಿಂತಾಗ, ಹೊಸ ಸಣ್ಣ ನಾಳಗಳು ಬೆಳೆಯುವವರೆಗೆ ಆ ರಕ್ತ ಹೊರಗೆ ಹೋಗಲು ಜಿಗಣೆ ಉಪಾಯ. ಅದರ ಜೊಲ್ಲಿನ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಬಿಟ್ಟ ಮೇಲೂ ಗಂಟೆಗಟ್ಟಲೆ ಒಸರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೇ 2004ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಮಲೆನಾಡಿನ ಇಂಬಳ ಇದಕ್ಕೆ ಬರುವುದಿಲ್ಲ. ಇದು ನೀರಿನಲ್ಲಿ ಸಾಕಿದ ಬೇರೆ ಜಾತಿ. ಅದರ ಹೊಟ್ಟೆಯ ಬ್ಯಾಕ್ಟೀರಿಯಾ ಸೋಂಕು ತರಬಹುದಾದ್ದರಿಂದ ಆಂಟಿಬಯಾಟಿಕ್ ಕೊಡುತ್ತೇವೆ. ಬಾಯೊಳಗೆ ಬಳಸುವಾಗ ಅದು ಗಂಟಲಿಗೆ ಜಾರದಂತೆ ಒಬ್ಬರು ಕಾವಲು ಕೂರಬೇಕು.

ಕೊನೆಗೂ ಉಳಿಯದಿದ್ದರೆ?

ಅನುಭವವಿರುವ ಕೇಂದ್ರಗಳಲ್ಲಿ 100ರಲ್ಲಿ 95ಕ್ಕೂ ಹೆಚ್ಚು ಫ್ಲ್ಯಾಪ್‌ಗಳು ಉಳಿಯುತ್ತವೆ. ಉಳಿಯದವರಿಗೆ ಆ ಲೆಕ್ಕದಿಂದ ಏನು ಪ್ರಯೋಜನ ಎಂದು ನೀವು ಕೇಳಬಹುದು, ನ್ಯಾಯವೇ. ಸತ್ತ ಅಂಗಾಂಶವನ್ನು ತೆಗೆಯಲೇಬೇಕು, ಇಲ್ಲವಾದರೆ ಸೋಂಕು ಕತ್ತಿನ ದೊಡ್ಡ ನಾಳಗಳಿಗೆ ಹರಡುತ್ತದೆ. ಆಮೇಲೆ ಇನ್ನೊಂದು ಕಾಲಿನಿಂದ ಮತ್ತೊಂದು ಫ್ಲ್ಯಾಪ್, ಅಥವಾ ಎದೆಯ ಸ್ನಾಯು ಮತ್ತು ಚರ್ಮವನ್ನು ಅದರ ನಾಳದ ಮೇಲೆಯೇ ತಿರುಗಿಸಿ ಕತ್ತಿನ ಚರ್ಮದ ಕೆಳಗಿಂದ ಬಾಯಿಗೆ ತರುವುದು. ಅಮೆರಿಕದ ಸರ್ಜನ್ ಸ್ಟೀಫನ್ ಏರಿಯನ್ 1979ರಲ್ಲಿ ವಿವರಿಸಿದ ಈ ಎದೆಯ ಫ್ಲ್ಯಾಪ್ ನಮ್ಮ ದೇಶದಲ್ಲಿ ಎಷ್ಟು ಬಾಯಿಗಳನ್ನು ಮುಚ್ಚಿದೆಯೋ ಲೆಕ್ಕವಿಲ್ಲ. ಅದನ್ನು ಕೀಳಾಗಿ ಕಾಣುವ ಯುವ ಸರ್ಜನ್‌ಗಳನ್ನು ಕಂಡರೆ ನನಗೆ ರೇಗುತ್ತದೆ. ಸೂಕ್ಷ್ಮದರ್ಶಕ ಇಲ್ಲದ ಊರಿನಲ್ಲಿ, ಹೃದಯ ದುರ್ಬಲವಾದವರಲ್ಲಿ, ಎಲ್ಲ ಕೈಕೊಟ್ಟ ಮೇಲೆ, ಕೈ ಹಿಡಿಯುವುದು ಅದೇ.

ಕತ್ತಿನಲ್ಲಿ ತೂತು ಮಾಡಿದ್ದಾರೆ, ಮಾತೇ ಬರುತ್ತಿಲ್ಲ. ಹೀಗೇ ಉಳಿಯುತ್ತಾರಾ?

ಇಲ್ಲ. ಬಾಯಿ, ನಾಲಿಗೆ ಊದಿಕೊಂಡು ಉಸಿರು ಕಟ್ಟದಿರಲೆಂದು ಮಾಡಿದ ತಾತ್ಕಾಲಿಕ ದಾರಿ ಅದು. ಧ್ವನಿಪೆಟ್ಟಿಗೆಗೆ ಏನೂ ಆಗಿಲ್ಲ. ಗಾಳಿ ಅದರ ಕೆಳಗಿನಿಂದಲೇ ಹೊರಗೆ ಹೋಗುತ್ತಿರುವುದರಿಂದ ಸದ್ದು ಹೊರಡುತ್ತಿಲ್ಲ. ಊತ ಇಳಿದ ಮೇಲೆ ಕೊಳವೆ ತೆಗೆದರೆ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಸ್ಲೇಟು-ಬಳಪ ಇಟ್ಟುಕೊಳ್ಳಿ. ಓದು-ಬರಹ ಬಾರದವರಿಗೆ ನೀರು, ನೋವು, ಮೂತ್ರ, ಫ್ಯಾನ್ ಎಂಬುದಕ್ಕೆ ಚಿತ್ರ ಬರೆದ ಹಾಳೆ ಮುಂಚೆಯೇ ತಯಾರಿರಲಿ. ಮಾತು ಎಷ್ಟು ಸ್ಪಷ್ಟವಾಗುತ್ತದೆ ಎಂಬುದು ಮೂಳೆಗಿಂತ ನಾಲಿಗೆ ಎಷ್ಟು ಉಳಿದಿದೆ ಎಂಬುದರ ಮೇಲೆ ನಿಂತಿದೆ. ಸ್ಪೀಚ್ ಥೆರಪಿ ತಪ್ಪಿಸಬೇಡಿ.

ಮೂಗಿನ ಕೊಳವೆಯಲ್ಲಿ ಏನೇನು ಕೊಡಬಹುದು?

ಡಯಟಿಷಿಯನ್ ಅಳತೆ ಹೇಳುತ್ತಾರೆ. ಮನೆಯಿಂದ ತರುವುದಾದರೆ ತೆಳ್ಳಗಿನ ರಾಗಿ ಗಂಜಿ, ಬೇಳೆಕಟ್ಟು, ಹಾಲು, ಮಜ್ಜಿಗೆ, ಮೊಟ್ಟೆ ತಿನ್ನುವವರಿಗೆ ಬೇಯಿಸಿ ಅರೆದ ಮೊಟ್ಟೆ. ಎಲ್ಲವನ್ನೂ ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ. ಸೋಸದ ಗಂಜಿಯೇ ಕೊಳವೆ ಕಟ್ಟಿಕೊಳ್ಳಲು ಮುಖ್ಯ ಕಾರಣ. ತಲೆ ಎತ್ತರಿಸಿ ಕೂರಿಸಿ, ನಿಧಾನ ಕೊಟ್ಟು, ಕೊನೆಗೆ ಸ್ವಲ್ಪ ಕುದಿಸಿ ಆರಿಸಿದ ನೀರು ಬಿಡಿ. ಬಾಯೊಳಗಿನ ಹೊಲಿಗೆ ಕೂಡಲು ಒಂದರಿಂದ ಎರಡು ವಾರ ಬೇಕು. ಹಿಂದೆ ರೇಡಿಯೇಷನ್ ಆದವರಿಗೆ ಹೆಚ್ಚು. ಅಷ್ಟರೊಳಗೆ ‘ಒಂದು ಗುಟುಕು ಕಾಫಿ ತಾನೇ’ ಎಂದು ಬಾಯಿಗೆ ಕೊಟ್ಟರೆ, ಹೊಲಿಗೆ ಬಿಟ್ಟು ಜೊಲ್ಲು ಕತ್ತಿನೊಳಗೆ ಸೋರಿದರೆ, ಅದು ನೇರ ಹೋಗುವುದು ಆ ನಾಳಗಳ ಜೋಡಣೆಯ ಹತ್ತಿರಕ್ಕೆ.

ಕಾಲು? ಗದ್ದೆ ಕೆಲಸ ಮಾಡುವವರು ನಾವು.

ಬಹುತೇಕರು ಊರುಗೋಲಿಲ್ಲದೆ ನಡೆಯುತ್ತಾರೆ. ಮೊದಲ ದಿನಗಳಲ್ಲಿ ವಾಕರ್ ಹಿಡಿದು, ಫಿಸಿಯೋ ಹೇಳಿದಷ್ಟೇ ಭಾರ ಹಾಕುತ್ತಾ ಶುರು. ಕಾಲಿನ ಚರ್ಮ ಅಗಲವಾಗಿ ತೆಗೆದಿದ್ದರೆ ಅಲ್ಲಿಗೆ ತೊಡೆಯ ತೆಳು ಚರ್ಮ ಹಾಕಿರುತ್ತಾರೆ. ಅದು ಹಿಡಿಯುವವರೆಗೆ ಕಾಲು ಅಲುಗಿಸುವ ಹಾಗಿಲ್ಲ.

ಮರೆತುಬಿಡುವುದು ಹೆಬ್ಬೆರಳು. ಅದನ್ನು ಕೆಳಗೆ ಮಡಚುವ ಸ್ನಾಯು ಫಿಬುಲಾಕ್ಕೇ ಅಂಟಿರುತ್ತದೆ. ಗಾಯ ಆರುವಾಗ ಅದು ಮೊಟಕಾಗಿ ಹೆಬ್ಬೆರಳು ಬಾಗಿ ನಿಲ್ಲಬಹುದು, ಚಪ್ಪಲಿ ಹಾಕುವುದೇ ಕಷ್ಟವಾಗುತ್ತದೆ. ದಿನಕ್ಕೆ ಹಲವು ಸಲ ಕೈಯಿಂದ ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿಯುವ ವ್ಯಾಯಾಮ ಮಾಡಬೇಕು. ಪಾದದ ಹೊರಬದಿ ಜೋಮು ಹಿಡಿದಂತಿರುವುದು, ಸಂಜೆ ಹರಡು ಊದುವುದು, ಚಳಿಗೆ ಸೆಳೆತ ತಿಂಗಳುಗಟ್ಟಲೆ ಇರಬಹುದು. ಓಡುವುದು, ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವುದು, ಕೆಸರುಗದ್ದೆಯಲ್ಲಿ ನಡೆಯುವುದು ಕೆಲವರಿಗೆ ಮೊದಲಿನಂತೆ ಆಗುವುದಿಲ್ಲ. ಮರ ಹತ್ತಿ ಅಡಿಕೆ ಕೊನೆ ಇಳಿಸುವವರು ಮುಂಚೆಯೇ ಸರ್ಜನ್ ಹತ್ತಿರ ಕೆಲಸದ ಬಗ್ಗೆ ಹೇಳಿ. ಬೇರೆ ಜಾಗದ ಮೂಳೆ, ಉದಾಹರಣೆಗೆ ಸೊಂಟದ್ದೋ ಭುಜದ ಹಲಗೆಯದ್ದೋ, ಯೋಚಿಸಬಹುದು.

ಮುಖ ಮೊದಲಿನಂತೆ ಆಗುತ್ತದಾ?

ಮೊದಲಿನಂತೆ ಆಗುವುದಿಲ್ಲ. ಗದ್ದದ ಗೆರೆ ಉಳಿಯುತ್ತದೆ. ಮೊದಲ ತಿಂಗಳುಗಳ ಊತ ನೋಡಿ ಎದೆಗುಂದಬೇಡಿ, ಅದು ಇಳಿಯುತ್ತದೆ. ಕೆನ್ನೆಯ ಹೊರಗೂ ಚರ್ಮ ಹಾಕಿದ್ದರೆ ಬಣ್ಣ ಬೇರೆಯೇ ಕಾಣುತ್ತದೆ, ಅಲ್ಲಿ ಗಡ್ಡ ಬರುವುದಿಲ್ಲ. ಕೆಳತುಟಿಯ ಅರ್ಧ ಜೋಮು ಹಿಡಿದಿದ್ದರೆ, ಕುಡಿದದ್ದು ಅಲ್ಲಿಂದ ಇಳಿದದ್ದು ಗೊತ್ತಾಗದು. ಕನ್ನಡಿ ಮುಂದೆ ಕೂತು ಊಟ ಅಭ್ಯಾಸ ಮಾಡುವುದು ಸಹಾಯವಾಗುತ್ತದೆ.

ಬಾಯೊಳಗೆ ಕೂದಲು ಬೆಳೆಯುತ್ತಿದೆ!

ಕಾಲಿನ ಚರ್ಮ ಬಾಯಿಗೆ ಬಂದರೂ ಕಾಲಿನ ಚರ್ಮವೇ. ಗಾಬರಿ ಬೇಡ. ರೇಡಿಯೇಷನ್ ಆದರೆ ಬಹುಮಟ್ಟಿಗೆ ಉದುರುತ್ತದೆ. ಇಲ್ಲವಾದರೆ ಕತ್ತರಿಸಬಹುದು, ಲೇಸರ್ ಮಾಡಿಸಬಹುದು. ಮನೆಯಲ್ಲಿ ಚಿಮಟದಿಂದ ಕೀಳಬೇಡಿ.

ರೇಡಿಯೇಷನ್ ಕೊಟ್ಟರೆ ಹೊಸ ಮೂಳೆ ಹಾಳಾಗುವುದಿಲ್ಲವೇ?

ರಕ್ತ ಹರಿಯುವ ಜೀವಂತ ಮೂಳೆ ರೇಡಿಯೇಷನ್ನನ್ನು ಬಹಳಷ್ಟು ತಡೆದುಕೊಳ್ಳುತ್ತದೆ. ಇಷ್ಟೆಲ್ಲ ಕಷ್ಟಪಡುವುದಕ್ಕೆ ಅದೂ ಒಂದು ಕಾರಣ. ಶಸ್ತ್ರಚಿಕಿತ್ಸೆಯಾಗಿ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ಗಾಯ ಪೂರ್ತಿ ಆರಲಿ, ಜಾತ್ರೆ ಮುಗಿಯಲಿ ಎಂದು ಮುಂದೂಡಿದವರಲ್ಲಿ ಕ್ಯಾನ್ಸರ್ ಮರಳುವ ಅಪಾಯ ಹೆಚ್ಚು.

ಹಲ್ಲು ಕಟ್ಟಿಸಬಹುದಾ?

ಫಿಬುಲಾದಲ್ಲಿ ಡೆಂಟಲ್ ಇಂಪ್ಲಾಂಟ್ ನಿಲ್ಲುತ್ತದೆ. ಕೆಲವೊಮ್ಮೆ ಅದೇ ದಿನ, ಹೆಚ್ಚಾಗಿ ಕ್ಯಾನ್ಸರ್ ಮರಳಿಲ್ಲ ಎಂದು ಖಚಿತವಾದ ಮೇಲೆ. ರೇಡಿಯೇಷನ್ ಆದ ಮೂಳೆಯಲ್ಲಿ ಇಂಪ್ಲಾಂಟ್ ಹಿಡಿಯುವ ಖಾತರಿ ಕಡಿಮೆ. ಅಡಿಕೆಯಿಂದ ಬಾಯಿ ಬಿಗಿದುಕೊಂಡವರಿಗೆ ದಂತವೈದ್ಯರ ಕೈಯೇ ಒಳಗೆ ಹೋಗದು. ಅವರಿಗೆ ಮೊದಲು ಬಾಯಿ ತೆರೆಯುವ ವ್ಯಾಯಾಮ, ಹಲ್ಲು ಆಮೇಲೆ.

ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ಜಗಿದರೂ ಹೀಗಾಗುತ್ತದಾ?

ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ. ನಮ್ಮ ರೋಗಿಗಳಲ್ಲಿ ತೋಟದವರೂ ಇದ್ದಾರೆ. ಮತ್ತೆ ಜಗಿಯಲು ಶುರು ಮಾಡಿದರೆ ಬಾಯಿಯ ಇನ್ನೊಂದು ಬದಿಯಲ್ಲಿ ಹೊಸ ಕ್ಯಾನ್ಸರ್ ಬರಬಹುದು.

ಖರ್ಚು ಎಷ್ಟಾಗುತ್ತದೆ?

ಆಸ್ಪತ್ರೆಯಿಂದ ಆಸ್ಪತ್ರೆಗೆ ಬಹಳ ವ್ಯತ್ಯಾಸ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ತೆಗೆದುಕೊಂಡು, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರ ಅವರನ್ನು ಅಡ್ಮಿಟ್ ಆಗುವ ಮುಂಚೆಯೇ ಕಾಣಿ. ಅನುಮತಿ ಮೊದಲು ಬರಬೇಕು. ಖಾಸಗಿಯಲ್ಲಾದರೆ ‘ಪ್ಯಾಕೇಜ್’ ಮೊತ್ತವನ್ನಷ್ಟೇ ಕೇಳಿ ಬರಬೇಡಿ. ಪ್ಲೇಟಿನ ಬೆಲೆ ಸೇರಿದೆಯೇ, ಐಸಿಯು ಎಷ್ಟು ದಿನ, ಮತ್ತೆ ಥಿಯೇಟರ್‌ಗೆ ಹೋಗಬೇಕಾದರೆ ಅದರ ಲೆಕ್ಕ ಹೇಗೆ ಎಂದು ಬರೆಸಿಕೊಳ್ಳಿ. ಹಲ್ಲಿನ ಇಂಪ್ಲಾಂಟ್ ಬಹುತೇಕ ಬೇರೆಯೇ.

ಎಲ್ಲಿ ಮಾಡಿಸಬೇಕು?

ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್ ಹೆಸರು ಎಲ್ಲರಿಗೂ ಗೊತ್ತು. ಈಗ ಬೇರೆ ಊರುಗಳಲ್ಲೂ ಈ ಕೆಲಸ ನಡೆಯುತ್ತದೆ. ಕಟ್ಟಡ ನೋಡಬೇಡಿ. ಇಂಥ ಶಸ್ತ್ರಚಿಕಿತ್ಸೆ ಅಲ್ಲಿ ಪದೇ ಪದೇ ನಡೆಯುತ್ತದೆಯೇ, ರಾತ್ರಿ ಫ್ಲ್ಯಾಪ್ ನೀಲಿಯಾದರೆ ತೆರೆದು ನೋಡಲು ತಂಡ ಸಿಗುತ್ತದೆಯೇ, ರೇಡಿಯೇಷನ್ ಎಲ್ಲಿ ಎಂಬ ಮೂರು ಪ್ರಶ್ನೆ ಕೇಳಿ.

ಇದು ಕ್ಯಾನ್ಸರ್‌ಗೆ ಮಾತ್ರವೇ?

ಬೈಕ್ ಅಪಘಾತದಲ್ಲಿ ಮೂಳೆ ಹೊರಗೆ ಕಾಣುವ ಕಾಲು, ಸ್ತನ ತೆಗೆದ ನಂತರ ಹೊಟ್ಟೆಯ ಕೊಬ್ಬಿನಿಂದ ಹೊಸ ಸ್ತನ, ಕೈಹೆಬ್ಬೆರಳು ಹೋದವರಿಗೆ ಕಾಲ್ಬೆರಳು, ಹೀಗೆ ಬಹಳ ಕಡೆ ಬಳಕೆಯಿದೆ. ತುಂಡಾದ ಬೆರಳು ಜೋಡಿಸುವುದೂ ಇದೇ ಕೈಚಳಕ. ಮೇವು ಕತ್ತರಿಸುವ ಯಂತ್ರಕ್ಕೆ ಬೆರಳು ಸಿಕ್ಕರೆ, ತುಂಡನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿ ಇಟ್ಟು ತನ್ನಿ. ನೇರ ಐಸ್ ಮೇಲೆ ಇಡಬೇಡಿ, ಅರಿಶಿನ ಹಚ್ಚಬೇಡಿ.

ಪ್ಲೇಟ್ ಇರುವವರು ಎಂಆರ್‌ಐ ಮಾಡಿಸಬಹುದಾ? ಮಗಳು ದುಬೈಗೆ ಕರೆಯುತ್ತಿದ್ದಾಳೆ, ಏರ್‌ಪೋರ್ಟಿನಲ್ಲಿ ತೊಂದರೆಯಾಗುತ್ತದಾ?

ಟೈಟೇನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಎಂಆರ್‌ಐ ಮಾಡಿಸಬಹುದು. ಪ್ಲೇಟಿನ ಆಸುಪಾಸು ಚಿತ್ರ ಸ್ವಲ್ಪ ಮಸುಕಾಗುತ್ತದೆ, ಆದ್ದರಿಂದ ಟೆಕ್ನಿಷಿಯನ್‌ಗೆ ಮೊದಲೇ ತಿಳಿಸಿ. ಏರ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ಸದ್ದಾಗುವುದಿಲ್ಲ. ಆದರೂ ಡಿಸ್ಚಾರ್ಜ್ ಸಮ್ಮರಿಯ ಒಂದು ಪ್ರತಿ ಜೊತೆಗಿರಲಿ. ಚೆಕಪ್‌ನ ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿ. ಮೊದಲ ಎರಡು ವರ್ಷ ಆ ತಾರೀಖು ತಪ್ಪಿಸುವ ಹಾಗಿಲ್ಲ.